ಸುಲಿಯುವ ಕಷ್ಟ ಒಲೆಯ ಮೇಲೇ ಕಳೆಯಬೇಕು

ಮೊಟ್ಟೆ ಸಾರಿನ ದಿನ ಮೆಸ್ ನಡೆಸುವವರಿಗೆ ಸಲೀಸು ಎಂದು ಊಟಕ್ಕೆ ಬರುವವರು ಅಂದುಕೊಂಡಿರುತ್ತಾರೆ. ಮಸಾಲೆ ಅರೆಯುವುದು, ಸಾರು ಕುದಿಸುವುದು ಏನೂ ಕಷ್ಟವಿಲ್ಲ, ನಿಜ. ಆಮೇಲೆ ಟ್ರೇಗಟ್ಟಲೆ ಮೊಟ್ಟೆ ಸುಲಿಯಬೇಕಲ್ಲ! ಸಿಪ್ಪೆಯ ಜೊತೆ ಬಿಳಿಯೂ ಕಿತ್ತು ಬಂದರೆ ಇಲಿ ಕಡಿದಂತೆ ಕಾಣುವ ಮೊಟ್ಟೆಯನ್ನು ಬಡಿಸಲು ಕೈ ಬರುವುದಿಲ್ಲ. ಅದಕ್ಕೆ ಸುಲಿಯುವವರನ್ನು ಬೈದು ಫಲವಿಲ್ಲ. ಮೊಟ್ಟೆ ಎಷ್ಟು ದಿನದ್ದು, ಮೊದಲ ಒಂದೆರಡು ನಿಮಿಷ ಅದಕ್ಕೆ ಎಂಥ ಬಿಸಿ ತಾಗಿತು, ಈ ಎರಡರಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

1. ಬೇಯಿಸಲು ಇವತ್ತಿನ ಮೊಟ್ಟೆ ಬೇಡ. ಸಂತೆಯಲ್ಲಿ ನಾಟಿ ಮೊಟ್ಟೆ ಮಾರುವ ಅಜ್ಜಿ, “ಬೆಳಿಗ್ಗೆ ಇಟ್ಟಿರೋದು ಕಣವ್ವಾ, ಇನ್ನೂ ಬಿಸಿ ಆರಿಲ್ಲ” ಅಂತ ಹೊಗಳುತ್ತಾಳೆ. ಆಮ್ಲೆಟ್ಟಿಗಾದರೆ ಕಣ್ಣು ಮುಚ್ಚಿ ಕೊಳ್ಳುತ್ತೇನೆ. ಬೇಯಿಸಿ ಸುಲಿಯುವುದಕ್ಕೆ ಆ ಹೊಗಳಿಕೆಯೇ ಅಡ್ಡಿ. ಹೊಸ ಮೊಟ್ಟೆಯ ಬಿಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಪಿಎಚ್ ಸುಮಾರು 8ರ ಒಳಗೇ ಇರುತ್ತದೆ. ಅಂಥ ಬಿಳಿ ಬೇಯುವಾಗ ಸಿಪ್ಪೆಯ ಒಳಪೊರೆಗೆ ಅಂಟಿಕೊಳ್ಳುತ್ತದೆ. ಸಿಪ್ಪೆಯ ಸಣ್ಣ ರಂಧ್ರಗಳಿಂದ ಆ ಅನಿಲ ದಿನೇ ದಿನೇ ಸೋರಿ, ಪಿಎಚ್ 9 ದಾಟಿದ ಮೇಲೆ ಹಿಡಿತ ಸಡಿಲವಾಗುತ್ತದೆ. ನಾಟಿ ಮೊಟ್ಟೆ ಸುಲಿಯಲು ಬರುವುದಿಲ್ಲ ಎಂಬ ದೂರಿಗೂ ಹೆಚ್ಚಾಗಿ ಇದೇ ಕಾರಣ: ಅದು ಕೋಳಿಗೂಡಿನಿಂದ ನೇರ ಪಾತ್ರೆಗೆ ಬಂದಿರುತ್ತದೆ. ಫಾರಂ ಮೊಟ್ಟೆ ಲಾರಿ, ಮಂಡಿ, ಅಂಗಡಿ ಸುತ್ತಿ ಬರುವಷ್ಟರಲ್ಲಿ ತಾನೇ ಹದವಾಗಿರುತ್ತದೆ. ಅನುಮಾನವಿದ್ದರೆ ನೀರಿಗೆ ಬಿಟ್ಟು ನೋಡಿ. ಅಡ್ಡ ಮಲಗಿದರೆ ಹೊಸತು. ತಳದಲ್ಲೇ ಎದ್ದು ನಿಂತರೆ ಬೇಯಿಸಲು ತಕ್ಕದ್ದು. ಮೇಲಕ್ಕೆ ತೇಲಿದ್ದನ್ನು ನಾನು ಬಳಸುವುದಿಲ್ಲ.

2. ತಣ್ಣೀರಿನಿಂದ ಶುರುಮಾಡಬೇಡಿ. ತಣ್ಣೀರಲ್ಲಿ ಮೊಟ್ಟೆ ಮುಳುಗಿಸಿ ಒಲೆ ಹಚ್ಚುವುದು ಹಳೆಯ ರೂಢಿ. ಹಾಗೆ ನಿಧಾನವಾಗಿ ಕಾದರೆ ಬಿಳಿಗೆ ಪೊರೆಯೊಂದಿಗೆ ಬೆಸೆದುಕೊಳ್ಳಲು ಬೇಕಾದಷ್ಟು ಸಮಯ ಸಿಗುತ್ತದೆ. ನೀರು ಮೊದಲು ಕೊತಕೊತ ಕುದಿಯಲಿ, ಆಮೇಲೆ ಸೌಟಿನಲ್ಲಿಟ್ಟು ಮೆಲ್ಲಗೆ ಇಳಿಬಿಡಿ. ಹೊರಗಿನ ಬಿಳಿ ತಟ್ಟನೆ ಗಟ್ಟಿಯಾಗಿ ಪೊರೆಯಿಂದ ಬಿಟ್ಟುಕೊಳ್ಳುತ್ತದೆ. ಫ್ರಿಜ್ಜಿನ ಮೊಟ್ಟೆ ಹೀಗೆ ಹಾಕಿದರೆ ಸೀಳುವುದುಂಟು. ಸ್ವಲ್ಪ ಮುಂಚೆ ಹೊರಗಿಟ್ಟಿರಿ. ನೀರು ಹಾರುವಷ್ಟು ಉರಿ ಬೇಡ, ಮೊಟ್ಟೆಗಳು ಒಂದಕ್ಕೊಂದು ಬಡಿದು ಒಡೆಯುತ್ತವೆ.

3. ಇಡ್ಲಿ ಪಾತ್ರೆ ಇರುವ ಮನೆಗೆ ಬೇರೆ ಉಪಕರಣ ಬೇಕಿಲ್ಲ. ಇಡೀ ಪಟ್ಟಿಯಲ್ಲಿ ನನಗೆ ಮೆಚ್ಚುಗೆಯ ದಾರಿ ಇದೇ. ತಳದಲ್ಲಿ ಎರಡು ಲೋಟ ನೀರು ಕುದಿಸಿ, ಆವಿ ಏಳುತ್ತಿದ್ದಂತೆ ತಟ್ಟೆಯ ಕುಳಿಗೊಂದು ಮೊಟ್ಟೆ ಕೂರಿಸಿ ಮುಚ್ಚಳ ಹಾಕಿ. ಮೊಟ್ಟೆ ಉರುಳುವುದಿಲ್ಲ, ಒಡೆಯುವುದು ಅಪರೂಪ, ದೊಡ್ಡ ಪಾತ್ರೆ ನೀರು ಕಾಯಿಸುವ ಗ್ಯಾಸೂ ಉಳಿಯುತ್ತದೆ. ಆವಿಯ ಬಿಸಿ ಮೊದಲ ಕ್ಷಣದಿಂದಲೇ ತಾಗುವುದರಿಂದ ಸಿಪ್ಪೆ ದೊಡ್ಡ ದೊಡ್ಡ ಚಕ್ಕೆಯಾಗಿ ಬರುತ್ತದೆ. ಒಂದರ ಮೇಲೊಂದು ತಟ್ಟೆ ಜೋಡಿಸುವಾಗ ಮೇಲಿನದು ಮೊಟ್ಟೆಗೆ ಒತ್ತದಂತೆ ನೋಡಿಕೊಳ್ಳಿ. ಒತ್ತಿದರೆ ನಡುವಿನ ತಟ್ಟೆ ತೆಗೆದುಬಿಡಿ. ಕುಕ್ಕರಿನಲ್ಲೂ ಸಿಪ್ಪೆ ಸಲೀಸಾಗಿ ಬಿಡುತ್ತದೆ, ಆದರೆ ಹಳದಿ ಎಷ್ಟು ಬೆಂದಿತೆಂದು ಲೆಕ್ಕ ಸಿಗುವುದಿಲ್ಲ.

4. ಗಡಿಯಾರ ನೋಡಿ, ಊರನ್ನೂ ನೋಡಿ. ಸಾಧಾರಣ ಫಾರಂ ಮೊಟ್ಟೆ ಕುದಿಯುವ ನೀರಿಗೆ ಬಿದ್ದ ಮೇಲೆ ಗಟ್ಟಿ ಹಳದಿಗೆ 11 ನಿಮಿಷ, ಆವಿಯಲ್ಲಿ 12. ಚಿಕ್ಕ ನಾಟಿ ಮೊಟ್ಟೆಗೆ ಎರಡು ನಿಮಿಷ ಕಡಿಮೆ. ಮಂಗಳೂರಿನಲ್ಲಿ ನೀರು ಹೆಚ್ಚುಕಡಿಮೆ 100 ಡಿಗ್ರಿಗೆ ಕುದಿದರೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೇ ಕುದಿಯುತ್ತದೆ. ಬೆಂಗಳೂರು, ಮಡಿಕೇರಿ ಕಡೆಯವರು ಒಂದು ನಿಮಿಷ ಸೇರಿಸಿಕೊಳ್ಳಿ. ಹಾಗಂತ ಅರ್ಧ ಗಂಟೆ ಬಿಟ್ಟರೆ ಹಳದಿಯ ಸುತ್ತ ಹಸಿರುಬೂದು ಉಂಗುರ ಕಟ್ಟುತ್ತದೆ. ಬಿಳಿಯ ಗಂಧಕ, ಹಳದಿಯ ಕಬ್ಬಿಣ ಸೇರಿ ಆಗುವ ಬಣ್ಣ ಅದು. ತಿಂದರೆ ಅಪಾಯವಿಲ್ಲ, ವಾಸನೆ ಮಾತ್ರ ಮೂಗಿಗೆ ಹಿತವಲ್ಲ.

5. ಉಪ್ಪು, ವಿನೆಗರ್, ಸೋಡಾ. ಮೊಟ್ಟೆ ಸೀಳಿದರೆ ಉಪ್ಪು ಅಥವಾ ವಿನೆಗರ್ ಬಿಳಿಯನ್ನು ಬೇಗ ಹೆಪ್ಪುಗಟ್ಟಿಸಿ ಸೋರುವುದನ್ನು ತಡೆಯುತ್ತದೆ, ಅಷ್ಟೇ. ಅಡುಗೆ ಸೋಡಾದಿಂದ ದೊಡ್ಡ ಲಾಭ ನನಗಂತೂ ಕಂಡಿಲ್ಲ.

6. ಅಗಲದ ತುದಿಯಿಂದ ಒಡೆಯಿರಿ. ಬೆಂದ ಕೂಡಲೇ ತಣ್ಣೀರಿಗೆ ಹಾಕಿ, ನೀರು ಬೆಚ್ಚಗಾದರೆ ಬದಲಿಸಿ, ಮೊಟ್ಟೆ ಒಳಗೂ ತಣಿಯುವವರೆಗೆ ಬಿಡಿ. ಗಾಳಿಗೂಡು ಇರುವುದು ಅಗಲದ ತುದಿಯಲ್ಲಿ. ಅಲ್ಲಿ ಮೊದಲ ಪೆಟ್ಟು ಕೊಟ್ಟು, ಮಣೆಯ ಮೇಲೆ ಅಂಗೈಯಲ್ಲಿ ಹೊರಳಿಸಿದರೆ ಸುತ್ತಲೂ ಬಿರುಕು ಬಿಡುತ್ತದೆ. ಹೆಬ್ಬೆರಳು ಪೊರೆಯ ಕೆಳಗೆ ಹೋಗಬೇಕು. ಪೊರೆ ಸಿಕ್ಕಿತೆಂದರೆ ಸಿಪ್ಪೆ ಅದರ ಜೊತೆಗೇ ಬರುತ್ತದೆ. ಬರೀ ಸಿಪ್ಪೆಯನ್ನು ಕೆರೆಯುತ್ತ ಕೂತರೆ ಬಿಳಿಗೆ ಗಾಯ. ನೀರಿನ ಒಳಗೇ ಹಿಡಿದು ಸುಲಿದರೆ ಚೂರುಗಳೂ ತೊಳೆದುಹೋಗುತ್ತವೆ.

7. ಮಿಕ್ಕಿದ್ದನ್ನು ಸಿಪ್ಪೆ ಸಮೇತ ಇಡಿ. ಫ್ರಿಜ್ಜಿನಲ್ಲಿ ಒಂದು ವಾರ ಬರುತ್ತದೆ. ಬಿಸಿ ಮಾಡಲು ಇಡೀ ಮೊಟ್ಟೆಯನ್ನು ಮೈಕ್ರೋವೇವಿಗೆ ಹಾಕಬೇಡಿ, ಸಿಡಿಯುತ್ತದೆ. ಬೋಂಡಾಕ್ಕಾದರೆ ಮೊಟ್ಟೆಯ ನೀರನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ಇಲ್ಲದಿದ್ದರೆ ಹಿಟ್ಟು ಜಾರುತ್ತದೆ. ಇನ್ನು ಮನೆಯಲ್ಲಿರುವುದೆಲ್ಲ ಇವತ್ತಿನ ನಾಟಿ ಮೊಟ್ಟೆಯೇ, ನೆಂಟರು ಬಾಗಿಲಲ್ಲೇ ಇದ್ದಾರೆ ಎಂದಾದರೆ ಸುಲಿಯುವ ಗೋಜೇ ಬೇಡ. ಕುದಿಯುವ ಸಾರಿಗೆ ಒಂದೊಂದಾಗಿ ಒಡೆದು ಬಿಟ್ಟು, ಸೌಟು ಆಡಿಸದೆ ಮುಚ್ಚಿ.