ಮಳೆಗೊಂದು ಫೋಟೋ

ನವಲಗುಂದ ತಾಲೂಕು,
ಮೃಗಶಿರ ಮಳೆ ಕೂಡಿದ ಮರುದಿನ

ಚಿರಂಜೀವಿ ಮೊಮ್ಮಗಳಿಗೆ,

ಆಗಾಗ ಫೋನು ಮಾಡುತ್ತಿರು. ಮಾಡಲು ಆಗದಿದ್ದರೆ ನಾನು ಮಾಡಿದಾಗ ಎತ್ತಿದರೂ ಸಾಕು.

ಹೊಸ ಕ್ಯಾಮೆರಾ ಕೊಂಡಿದ್ದೀ ಎಂದು ನಿಮ್ಮಪ್ಪ ಹೇಳಿದ. ಸಂತೋಷವಾಯಿತು. ಆದರೆ ಹೋದ ವಾರ ನೀನೇ ಒಂದು ಮಾತು ಅಂದೆಯಲ್ಲ, "ಅಜ್ಜೀ, ನಮ್ಮೂರಾಗ ಫೋಟೋ ತೆಗೀಲಿಕ್ಕೆ ಏನೈತಿ? ಗುಡ್ಡಿಲ್ಲ, ಗಿಡಾ ಇಲ್ಲ, ನೋಡಿದಷ್ಟೂ ಎರಿ ಹೊಲ" ಅಂತ, ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿ ಮುಗಿಸುವುದು ಆಗಲಿಲ್ಲ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಅಕ್ಕೋರಾಗಿದ್ದವಳು, ಕರಿಹಲಗೆ ಇಲ್ಲದಿದ್ದರೆ ಕಾಗದವಾದರೂ ಬೇಕು ನನಗೆ.

ನಾಗೊಂದಿಗೆ ಮೇಲಿನ ಟ್ರಂಕು ಇಳಿಸಿ ಹಳೆಯ ಫೋಟೋ ಎಲ್ಲಾ ಹರವಿಕೊಂಡು ನೋಡಿದೆ. ಮದುವೆ, ಕುಬಸ, ತೊಟ್ಟಿಲು, ಜವಳ. ಮತ್ತೆ ಮದುವೆ. ಒಂದರಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲು ಅರ್ಧ ಕಾಣುತ್ತದೆ, ಉಳಿದರ್ಧಕ್ಕೆ ಯಾರೋ ಬೀಗರು ಅಡ್ಡ ನಿಂತಿದ್ದಾರೆ. ಇನ್ನೊಂದರಲ್ಲಿ ನವಲಗುಂದದ ಜಮಖಾನದ ಮೇಲೆ ಹನ್ನೆರಡು ಮಂದಿ ಗಂಡಸರು ಪಟಗಾ ಸುತ್ತಿ ಸಾಲಾಗಿ ಕೂತಿದ್ದಾರೆ, ಒಬ್ಬರೂ ನಕ್ಕಿಲ್ಲ. ನನ್ನ ಅತ್ತೆಯವರದು ಒಂದೇ ಒಂದು ಫೋಟೋ ಇದೆ. ಅದರಲ್ಲಿ ಅವರು ಕುರ್ಚಿಯ ಮೇಲೆ ಕೂತಿದ್ದಾರೆ. ಮನೆಯಲ್ಲಿ ಅವರು ಕುರ್ಚಿಯ ಮೇಲೆ ಕೂತದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಒಲೆಯ ಮುಂದೆ ಮಣೆ, ಕಟ್ಟೆಯ ಮೇಲೆ ಕೌದಿ, ಹೊಲದಲ್ಲಿ ಬದು, ಇವೇ ಅವರು ಕೂತ ಜಾಗಗಳು. ಆ ಮೂರರಲ್ಲಿ ಒಂದರ ಫೋಟೋವೂ ಇಲ್ಲ. ಟ್ರಂಕಿನ ತುಂಬ ಮದುವೆಗಳಿವೆ ತಂಗೀ, ಮನೆ ಇಲ್ಲ.

ಇದರಲ್ಲಿ ಯಾರ ತಪ್ಪೂ ಇಲ್ಲ. ನಿಮ್ಮಜ್ಜನ ಹತ್ತಿರ ಆಗ್ಫಾ ಕ್ಲಿಕ್-3 ಇತ್ತು. ಒಂದು ರೋಲಿಗೆ 12 ಫೋಟೋ. ತೊಳೆಸಲು ಹುಬ್ಬಳ್ಳಿಗೇ ಹೋಗಬೇಕು. ಅಷ್ಟು ದುಡ್ಡು ಸುರಿದು ರೊಟ್ಟಿ ಬಡಿಯುವುದನ್ನು ಯಾರು ತೆಗೆಯುತ್ತಾರೆ? ತೆಗೆಯುತ್ತೇನೆಂದರೂ ಮೇಲ್ಮುದ್ದಿ ಮನೆಯ ಒಳಗಿನ ಕತ್ತಲೆಯಲ್ಲಿ ಆ ಡಬ್ಬಿಗೆ ಏನೂ ಮೂಡುತ್ತಿರಲಿಲ್ಲ. ಅಂಗಳಕ್ಕೆ ಬಂದವರಿಗಷ್ಟೇ ಫೋಟೋ. ಹೀಗಾಗಿ ಗಂಡಸರೂ ಹಬ್ಬವೂ ಉಳಿದವು, ಹೆಂಗಸರೂ ಕೆಲಸವೂ ಒಳಗೇ ಹೋದವು.

ನಮ್ಮ ಜಿಲ್ಲೆಗೆ ಕ್ಯಾಮೆರಾ ತಡವಾಗಿ ಬಂತೆಂದು ತಿಳಿಯಬೇಡ. 1866ರಲ್ಲೇ ಲಂಡನ್ನಿನಲ್ಲಿ 'ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್' ಎಂಬ ದೊಡ್ಡ ಫೋಟೋ ಪುಸ್ತಕ ಅಚ್ಚಾಯಿತು. ಡಾಕ್ಟರ್ ಪಿಗೌ, ನೀಲ್, ಕರ್ನಲ್ ಬಿಗ್ಸ್ ತೆಗೆದ ಚಿತ್ರಗಳು, ಮೆಡೋಸ್ ಟೇಲರ್ ಬರೆದ ಇತಿಹಾಸ. ಗುಡಿ, ಕಂಬ, ಶಿಖರ. ಕಲ್ಲಿಗೆ ಸಿಕ್ಕ ಆ ಮಾನ ಗುಡಿಯ ಬೆನ್ನಿಗಿದ್ದ ಓಣಿಯ ಮನೆಗಳಿಗೆ ಸಿಗಲಿಲ್ಲ. ಇವತ್ತಿಗೂ ಅಣ್ಣಿಗೇರಿಗೆ ಬಂದವರು ಅಮೃತೇಶ್ವರನ ಗುಡಿಯ ಮುಂದೆ ನಿಂತು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಗುಡಿ ಎಲ್ಲಿಗೂ ಹೋಗುವುದಿಲ್ಲ ಬಿಡು, ಇನ್ನೂ ನೂರು ವರ್ಷ ಅಲ್ಲೇ ಇರುತ್ತದೆ. ಹೋಗುವುದು ನಮ್ಮ ಅಡುಗೆಮನೆ.

ಹಾಗೆಂದು ಮನೆ, ಓಣಿಯ ಬದುಕನ್ನು ಕಂಡವರೇ ಇಲ್ಲವೆಂದಲ್ಲ. ಹೊನ್ನಾವರದ ಡಾ. ಕೃಷ್ಣಾನಂದ ಕಾಮತರು (1934–2002) ಕೀಟಶಾಸ್ತ್ರ ಓದಿ ಅಮೆರಿಕದಲ್ಲಿ ಡಾಕ್ಟರೇಟ್ ಪಡೆದವರು. ಊರೂರು ತಿರುಗಿ ಜನ ಬದುಕುವ ರೀತಿಯನ್ನೇ ಫೋಟೋ ತೆಗೆದರು. ಕರಾವಳಿಯ ಗೋಡೆಗಳ ಮೇಲಿನ ಕೆಂಪು-ಬಿಳಿ ಕಾವಿ ಕಲೆಯ ಬೆನ್ನು ಹತ್ತಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು. ಗೋಡೆ ಕೆಡವಿ ಹೊಸದು ಕಟ್ಟಿದ ಮೇಲೆ ಚಿತ್ರ ಇರುವುದು ಫೋಟೋದಲ್ಲಿ ಮಾತ್ರ. ಮೈಸೂರಿನ ಟಿ.ಎಸ್. ಸತ್ಯನ್ನರ ಚಿತ್ರಗಳನ್ನೂ ನೋಡು. ದೊಡ್ಡ ಪತ್ರಿಕೆಗಳಿಗೆ ಕೆಲಸ ಮಾಡಿದವರು, ಆದರೆ ಅವರ ಜೀವ ಇರುವುದು ಮಕ್ಕಳ, ಬೀದಿಯ ಜನರ ಫೋಟೋಗಳಲ್ಲಿ. ನಿನಗೆ ದಾರಿ ತೋರಿಸಲು ಈ ಇಬ್ಬರು ಸಾಕು.

ಈಗ ನಮ್ಮ ಮನೆಗೆ ಬರೋಣ. ಅಡುಗೆಮನೆಗೆ ಕಿಟಕಿ ಇಲ್ಲ, ಬೆಳಕೆಲ್ಲ ಮಾಳಿಗೆಯ ಬೆಳಕಿಂಡಿಯಿಂದಲೇ ಇಳಿಯಬೇಕು. ನೆಲದಿಂದ ಅದು 10 ಅಡಿ ಎತ್ತರ. ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ (ನಮ್ಮ ಕಡೆ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಅರ್ಧ ತಾಸು ತಡ) ಆ ಬೆಳಕು ನೆಲದ ಮೇಲೆ ಎಲ್ಲಿ ಬೀಳುತ್ತದೆ ಎಂದು ವರ್ಷವಿಡೀ ಗಮನಿಸು. ಎಳ್ಳ ಅಮಾವಾಸ್ಯೆಯ ಸುಮಾರಿಗೆ ಸೂರ್ಯ ತೆಂಕಲಿಗೆ ಸರಿದಿರುತ್ತಾನೆ, ಬೆಳಕು ಬಡಗಲಿಗೆ ಎಂಟು ಅಡಿ ದೂರ ಹೋಗಿ ಬೀಸುಕಲ್ಲಿನ ಮೇಲೆ ಕೂರುತ್ತದೆ. ಮೇ ಮೊದಲ ವಾರ ಬೆಳಕಿಂಡಿಯ ನೇರ ಕೆಳಗೇ ಬೀಳುತ್ತದೆ. ಈಗ ಜೂನಿನಲ್ಲಿ ಸೂರ್ಯ ನಮ್ಮನ್ನು ದಾಟಿ ಬಡಗಲಿಗೆ ಹೋದ ಕಾರಣ ಒಂದೂವರೆ ಅಡಿ ತೆಂಕಲಿಗೆ, ಒಲೆಯ ಕಡೆಗೆ ಸರಿಯುತ್ತದೆ. ಆಗಸ್ಟ್ ಎರಡನೇ ವಾರ ಮತ್ತೆ ನೇರ ಕೆಳಗೆ, ಮೋಡ ಬಿಟ್ಟರೆ. ಹೊರಗೆ ಕಾಲಿಡದೆ ಒಂದು ಇಡೀ ವರ್ಷವನ್ನು ಅಡುಗೆಮನೆಯ ನೆಲದ ಮೇಲೇ ತೆಗೆಯಬಹುದು.

ಇನ್ನೊಂದು ಹೇಳುತ್ತೇನೆ. ಬೆಳಕಿಂಡಿಗೆ ಮುಚ್ಚುವ ತಗಡಿಗೆ ಮೊಳೆಯ ತೂತು ಬಿದ್ದಿವೆ. ತೂತು ಸೊಟ್ಟ, ಆದರೆ ನೆಲದ ಮೇಲೆ ಬೀಳುವ ಬೆಳಕು ದುಂಡಗೆ, ರೂಪಾಯಿ ಬಿಲ್ಲೆಯಷ್ಟು. ಅದು ತೂತಿನ ಆಕಾರವಲ್ಲ, ಸೂರ್ಯನ ಬಿಂಬ. 2019ರ ಡಿಸೆಂಬರ್ 26ರ ಗ್ರಹಣದ ದಿನ ಬೆಳಿಗ್ಗೆ ಪಡುವಣ ಗೋಡೆಯ ಮೇಲೆ ಆ ಬಿಲ್ಲೆಗಳೆಲ್ಲ ಕುಡುಗೋಲಾಗಿದ್ದವು. ಗ್ರಹಣವೆಂದು ಒಲೆ ಹಚ್ಚಿರಲಿಲ್ಲ, ಹೊಗೆ ಇರಲಿಲ್ಲ, ಚಂದಗೆ ಕಂಡವು. ನಿಮ್ಮ ಕ್ಯಾಮೆರಾ ಮಾಡುವ ಕೆಲಸವೂ ಇದೇ ಅಲ್ಲವೇ? ಈ ಮನೆ ಕಟ್ಟಿದ ದಿನದಿಂದ ಫೋಟೋ ತೆಗೆಯುತ್ತಲೇ ಇದೆ, ಇಟ್ಟುಕೊಳ್ಳಲು ಮಾತ್ರ ಅದಕ್ಕೆ ಬರುವುದಿಲ್ಲ.

ಅಡುಗೆಮನೆಯಲ್ಲಿ ತೆಗೆಯುವಾಗ ಫ್ಲ್ಯಾಶ್ ಹಾಕಬೇಡ. ಮೊಬೈಲು ಕತ್ತಲೆ ಕಂಡ ಕೂಡಲೇ ಎಲ್ಲವನ್ನೂ ಬೆಳ್ಳಗೆ ಮಾಡಲು ನೋಡುತ್ತದೆ; ಬೆಳಕು ಬಿದ್ದ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು ಸ್ವಲ್ಪ ಕಪ್ಪಗೆ ಮಾಡಿಕೋ. ಕತ್ತಲೆ ಕತ್ತಲೆಯಾಗಿಯೇ ಇರಲಿ. ಆ ಮನೆ ಇದ್ದದ್ದೇ ಹಾಗೆ.

ಹೊರಗಿನದಕ್ಕೆ ನನ್ನದೊಂದು ಲೆಕ್ಕ ಇದೆ. ರೈತರು ವರ್ಷ ಎಣಿಸುವುದು ಜನವರಿ-ಫೆಬ್ರವರಿಯಿಂದಲ್ಲ, ಮಳೆಯ ನಕ್ಷತ್ರಗಳಿಂದ. ಅಶ್ವಿನಿಯಿಂದ ರೇವತಿವರೆಗೆ 27 ನಕ್ಷತ್ರ, ಒಂದೊಂದಕ್ಕೆ ಹದಿಮೂರು-ಹದಿನಾಲ್ಕು ದಿನ. ಏಪ್ರಿಲ್ ನಡುವೆ ಅಶ್ವಿನಿ ಕೂಡುತ್ತದೆ. ಹೊಲದಲ್ಲಿ ಬನ್ನಿ ಗಿಡದ ಬುಡಕ್ಕೆ ಒಂದು ಕಲ್ಲು ಹುಗಿ. ಅದರ ಮೇಲೆ ನಿಂತು ಪ್ರತಿ ನಕ್ಷತ್ರಕ್ಕೆ ಒಂದೇ ಫೋಟೋ, ಒಂದೇ ದಿಕ್ಕಿಗೆ. ನೀನು ಹುಬ್ಬಳ್ಳಿಯಲ್ಲಿರುವಾಗ ನಿಮ್ಮ ಕಾಕಾ ತೆಗೆದು ಕಳಿಸಲಿ, ಅವನಿಗೂ ಮೊಬೈಲಿದೆ, ಅದರಲ್ಲಿ ಇಸ್ಪೀಟು ಆಡುವುದು ಬಿಟ್ಟು ಅಷ್ಟಾದರೂ ಮಾಡಲಿ. ಹಿಂದೆ ನಿಮ್ಮಜ್ಜನದಲ್ಲದ ಬೇರೆ ಕ್ಯಾಮೆರಾಗಳ ಒಂದು ರೋಲಿನಲ್ಲಿ 36 ಬರುತ್ತಿದ್ದವು. 27 ಹೊಲಕ್ಕೆ ಹೋದರೆ 9 ಹಬ್ಬಕ್ಕೆ ಉಳಿಯುತ್ತವೆ. ಅಷ್ಟೇ ಎಂದು ನೇಮ ಹಾಕಿಕೋ. ದಿನಕ್ಕೆ ಇನ್ನೂರು ತೆಗೆದರೆ ಒಂದನ್ನೂ ನೋಡುವುದಿಲ್ಲ ನೀನು.

ಕೃತ್ತಿಕೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟ ಎರೆ, ಈಗ ಮೃಗಶಿರದಲ್ಲಿ ಹೆಸರು ಬಿತ್ತಿದ ಸಾಲು, ಆರಿದ್ರಾ-ಪುನರ್ವಸುಗೆ ಎಡೆ ಹೊಡೆಯುವುದು, ಮಘೆಗೆ ರಾಶಿ, ಉತ್ತರೆ-ಹಸ್ತೆಗೆ ಮತ್ತೆ ಹರಗಿ ಹಿಂಗಾರಿ ಜೋಳ-ಕಡಲೆ. ನೋಡಿದಷ್ಟೂ ಎರಿ ಹೊಲ ಅಂದೆಯಲ್ಲ, ಅದೇ ಹೊಲ ವರ್ಷಕ್ಕೆ ಎಷ್ಟು ಬಣ್ಣ ತಿರುಗುತ್ತದೆ ಎಂದು ಆಗ ಹೇಳು. ಮಳೆ ಹುಸಿ ಹೋದ ನಕ್ಷತ್ರದ ಫೋಟೋವನ್ನೂ ಬಿಡಬೇಡ. ಬರಗಾಲ ಕೂಡ ನಮ್ಮದೇ.

ಚಳಿಗಾಲದಲ್ಲಿ ಒಂದು ದಿನ ನಸುಕಿಗೇ ಹೊಲಕ್ಕೆ ಬರಬೇಕು ನೀನು. ಕಡಲೆ ಹುಳಿ ಹಿಡಿಯುವುದನ್ನು ನೀನು ನೋಡಿಲ್ಲ. ಹಿಂದಿನ ಸಂಜೆ ತೆಳುವಾದ ಹಳೆ ಧೋತರವನ್ನು ಕಡಲೆ ಗಿಡಗಳ ಮೇಲೆ ಹಾಸಿ ಬರುತ್ತೇವೆ. ಗಿಡದ ಎಲೆ, ಕಾಯಿಗಳಿಂದ ಹುಳಿ ಒಸರುತ್ತದೆ. ರಾತ್ರಿಯ ಇಬ್ಬನಿಯ ಜೊತೆ ಅದು ಬಟ್ಟೆಗೆ ಇಳಿಯುತ್ತದೆ. ಬಿಸಿಲೇರುವ ಮೊದಲೇ ಇಬ್ಬರು ಎರಡು ತುದಿ ಹಿಡಿದು ಹಿಂಡಿದರೆ ಚೊಂಬಿನೊಳಗೆ ನಾಲ್ಕಾರು ಚಮಚ ಬೀಳುತ್ತದೆ. ನಾಲಿಗೆಗೆ ಮುಟ್ಟಿಸಿದರೆ ಕಣ್ಣು ಮುಚ್ಚಬೇಕು, ಅಷ್ಟು ಹುಳಿ. ಹೊಟ್ಟೆನೋವಿಗೆಂದು ಶೀಶೆಯಲ್ಲಿ ತುಂಬಿಡುತ್ತಿದ್ದರು. ಕಾಲಲ್ಲಿ ಗೀರು ಇದ್ದವರು ಬರಿಗಾಲಲ್ಲಿ ಕಡಲೆ ಹೊಲ ತುಳಿದರೆ ಚುರ್ರೆನ್ನುತ್ತದೆ. ನಾಲ್ಕು ಸಲ ಹಾಸಿದ ಧೋತರ ಜಾಳಾಗಿ ಹರಿದುಹೋಗುತ್ತದೆ, ಹಾಗಾಗಿ ಹೊಸದನ್ನು ಯಾರೂ ಹಾಸುವುದಿಲ್ಲ. ಈ ಕೆಲಸ ಗೊತ್ತಿರುವ ಕೈಗಳು ನಮ್ಮ ಓಣಿಯಲ್ಲಿ ಇನ್ನು ಕೆಲವೇ. ಅವರ ಮುಖದ ಫೋಟೋ ತೆಗೆಯುವ ಮೊದಲು ಆ ಹಿಂಡುವ ಕೈಗಳನ್ನು ಹತ್ತಿರದಿಂದ ತೆಗೆ.

ಒಂದು ಎಚ್ಚರ. ಹಳೆಯದೆಲ್ಲ ಚಂದ ಎಂಬ ಹುಚ್ಚು ಹಿಡಿಸಿಕೊಳ್ಳಬೇಡ. ಬೆಳಕಿಂಡಿಯ ಬೆಳಕಿನಲ್ಲಿ ಹೊಗೆ ಸುತ್ತುವುದು ಫೋಟೋದಲ್ಲಿ ಚಂದ. ಊದುಗೊಳವೆ ಹಿಡಿದವಳ ಕಣ್ಣಿಗೆ ಕೇಳು. ಗ್ಯಾಸು ಬಂದ ದಿನ ನಾನು ಸಿಲಿಂಡರಿಗೆ ಕುಂಕುಮ ಹಚ್ಚಿದ್ದೆ. ಆದ್ದರಿಂದ ಫೋಟೋ ತೆಗೆಯುವಾಗ ಪ್ಲಾಸ್ಟಿಕ್ ಕೊಡ ಸರಿಸಬೇಡ, ಮಿಕ್ಸರು ಮುಚ್ಚಬೇಡ, ಗೂಟಕ್ಕೆ ನೇತು ಹಾಕಿದ ರೇಷನ್ ಚೀಲ ಅಲ್ಲೇ ಇರಲಿ. ಕಾರ ಹುಣ್ಣಿಮೆಗೆ ಎತ್ತಿಗೆ ಹೇಗೋ ಹಾಗೆ ಈಗ ಟ್ರ್ಯಾಕ್ಟರಿಗೂ ಮಾಲೆ ಹಾಕುತ್ತಾರೆ, ಅದನ್ನೂ ತೆಗೆ. ನಿನ್ನ ಮೊಮ್ಮಕ್ಕಳು ಮೊದಲು ಬೆರಳಿಟ್ಟು ಕೇಳುವುದು ಆ ಪ್ಲಾಸ್ಟಿಕ್ ಕೊಡವನ್ನೇ.

ಕೇಳದೆ ಯಾರದೂ ತೆಗೆಯಬೇಡ. ಮನೆಯವರದಾದರೂ ಅಷ್ಟೇ, ಹೊಲಕ್ಕೆ ಬಂದ ಆಳುಗಳದಂತೂ ಮೊದಲೇ ಕೇಳು. ಕೂಲಿಗೆ ಬಂದವರು ಬೇಡ ಅನ್ನಲು ಹಿಂಜರಿಯುತ್ತಾರೆ. ಮುಖ ನೋಡಿ ತಿಳಿದುಕೋ. ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ತರುವ ಅವ್ವಂದಿರಿಗೆ ಮೊದಲು ಮರದಲ್ಲಿ ಜೋಳ ಹಾಕು, ಆಮೇಲೆ ಕೇಳು. ತೆಗೆದ ಮೇಲೆ ಅವರಿಗೊಂದು ಪ್ರತಿ ಮುಟ್ಟಲೇಬೇಕು. ಸ್ಟೇಟಸ್ಸಿಗೆ ಹಾಕುವುದು ಅವರು ಹೂಂ ಅಂದರೆ ಮಾತ್ರ.

ಕೊನೆಗೆ ಇಟ್ಟುಕೊಳ್ಳುವ ಮಾತು. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಸಣ್ಣದಾಗುತ್ತದೆ, ಯಾವಾಗ ತೆಗೆದದ್ದೆಂಬ ಗುರುತೂ ಅಳಿಯುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಲು ಕಾಕಾನಿಗೆ ಹೇಳಿಕೊಡು. ಎರಡು ಕಡೆ ತುಂಬಿಡು, ಎರಡೂ ಒಂದೇ ಮನೆಯಲ್ಲಿ ಬೇಡ. ಬೆಣ್ಣಿಹಳ್ಳ ಉಕ್ಕುವ ಊರು ನಮ್ಮದು. ವರ್ಷಕ್ಕೊಮ್ಮೆ 36 ಪ್ರಿಂಟು ಹಾಕಿಸು. ಹಿಂದೆ ಹೆಸರು, ಮಳೆ, ಇಸವಿ ಬರೆ, ಒತ್ತಿ ಬರೆಯಬೇಡ. ಅಂಟು ಹಾಳೆಯ ಆಲ್ಬಮ್ಮು ಬೇಡವೇ ಬೇಡ; ನಿಮ್ಮಪ್ಪನ ಮದುವೆಯ ಫೋಟೋಗಳು ಅದಕ್ಕೇ ಅಂಟಿ ಹಳದಿಯಾಗಿವೆ. ಜಮಖಾನದ ಮೇಲೆ ಕೂತ ಆ ಹನ್ನೆರಡು ಮಂದಿಯಲ್ಲಿ ಐವರ ಹೆಸರು ಈಗ ನನಗೊಬ್ಬಳಿಗೇ ಗೊತ್ತು. ನೀನು ಬಂದಾಗ ಮೊದಲು ಅವನ್ನು ಬರೆದುಕೋ.

ನಿಕೋಲಸ್ ನಿಕ್ಸನ್ ಎಂಬ ಅಮೆರಿಕದವನೊಬ್ಬ 1975ರಿಂದ ವರ್ಷಕ್ಕೊಂದರಂತೆ ತನ್ನ ಹೆಂಡತಿ ಮತ್ತು ಆಕೆಯ ಮೂವರು ಅಕ್ಕತಂಗಿಯರ ಫೋಟೋ ತೆಗೆದ, ಪ್ರತಿ ಸಲವೂ ಅದೇ ನಾಲ್ವರು, ಎಡದಿಂದ ಬಲಕ್ಕೆ ಅದೇ ಸಾಲು. ನಲವತ್ತಕ್ಕೂ ಹೆಚ್ಚು ವರ್ಷ. ನಮಗೆ ಅದಕ್ಕೆ ಪಂಚಮಿಯೇ ಇದೆ. ನಿನ್ನ ಮೂವರು ಅತ್ತೆಯರೂ ತವರಿಗೆ ಬರುತ್ತಾರೆ, ಜೋಕಾಲಿ ಕಟ್ಟುತ್ತೇವೆ, ಉಂಡಿ ಕಟ್ಟುತ್ತೇವೆ. ಕಟ್ಟೆಯ ಮೇಲೆ ದೊಡ್ಡಾಕೆಯಿಂದ ಸಣ್ಣಾಕೆವರೆಗೆ ಸಾಲಾಗಿ ಕೂರಿಸುತ್ತೇನೆ. ಸಣ್ಣಾಕೆಗೆ ಸಿಟ್ಟು ಬರುತ್ತದೆ, ಬರಲಿ, ಸಿಟ್ಟಿನ ಮುಖವೇ ಇರಲಿ. ಮೊದಲನೆಯ ವರ್ಷದ ಫೋಟೋ ಈ ಪಂಚಮಿಗೇ ಆಗಬೇಕು. ಪರೀಕ್ಷೆ ಗಿರೀಕ್ಷೆ ಎಂದು ನೆಪ ಹೇಳದೆ ಎರಡು ದಿನ ಮೊದಲೇ ಬಾ. ಬರುವಾಗ ಕ್ಯಾಮೆರಾದ ಚಾರ್ಜರ್ ಮರೆಯಬೇಡ, ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೋ ನಿನಗೆ ಗೊತ್ತೇ ಇದೆ.

ಇಂತಿ,
ನಿನ್ನ ಅಜ್ಜಿ