ಮಿಕ್ಕ ಜಾಗದ ಹಂಚಿಕೆ

ಕಛೇರಿ ಮುಗಿಸಿ ರಾತ್ರಿ ಜಾಲಪುಟ ರಚನೆ ಕಲಿಯುವ ನಮ್ಮ ಬಂಧುಗಳು ಸಾಮಾನ್ಯವಾಗಿ ಎಡವುವುದು ಸಿ.ಎಸ್.ಎಸ್.ನ ‘ಫ್ಲೆಕ್ಸ್-ಗ್ರೋ’ದಲ್ಲಿ. 2 ಎಂದು ಬರೆದರೆ ಅಂಕಣ ಇಮ್ಮಡಿ ಅಗಲವಾಗುತ್ತದೆಂದು ಭಾವಿಸುತ್ತಾರೆ. ಹಾಗಲ್ಲ, ಅದು ಹಂಚುವುದು ಮಿಕ್ಕ ಜಾಗವನ್ನು ಮಾತ್ರ.

ಲೆಕ್ಕ ಬರೆಯುವವರಿಗೆ ಇದು ಕಷ್ಟವಲ್ಲ. 600 ಪಿಕ್ಸೆಲ್ ಸಾಲಿನಲ್ಲಿ ತಲಾ 100ರ ಮೂರು ಅಂಕಣಗಳಿವೆಯೆನ್ನಿ. ಮಿಕ್ಕದ್ದು 300. ಅವಕ್ಕೆ 1, 1, 2 ಎಂದು ಕೊಟ್ಟರೆ ಒಟ್ಟು ನಾಲ್ಕು ಪಾಲು, ಪಾಲಿಗೆ 75. ಅಗಲ 175, 175, 250 ಆಯಿತು. ಮೂರನೆಯದು ಇಮ್ಮಡಿಯಾಗಲಿಲ್ಲ!

ಇಮ್ಮಡಿಯೇ ಬೇಕಾದರೆ ಮೂರಕ್ಕೂ ‘ಫ್ಲೆಕ್ಸ್-ಬೇಸಿಸ್’ ಸೊನ್ನೆ ಮಾಡಿರಿ. ಆಗ ಇಡೀ 600 ಹಂಚಿಕೆಗೆ ಬಂದು 150, 150, 300 ಆಗುತ್ತದೆ. ಒಳಗೆ ಉದ್ದನೆಯ ಪದವಿದ್ದರೆ (ನಮ್ಮ ಸಮಾಸಪದಗಳು ಉದ್ದವೇ!) ಅಂಕಣ ಅದಕ್ಕಿಂತ ಕಿರಿದಾಗಲೊಲ್ಲದು, ‘ಮಿನ್-ವಿಡ್ತ್’ ಕೂಡ ಸೊನ್ನೆಯಾಗಬೇಕು.