ಗೆನಿಜಾದ ಹಾಳೆಗಳಲ್ಲಿ ಬೊಮ್ಮ: ಯೆಹೂದಿ ಪ್ರಾಚೀನ ಬರಹಗಳ ಸಂಗ್ರಹ ಮತ್ತು ಕನ್ನಡ ಹಸ್ತಪ್ರತಿ ಅಧ್ಯಯನ

ಶಾಸನಗಳು ದಾನಿಗಳನ್ನೂ ವೀರರನ್ನೂ ಹೆಸರಿಸುತ್ತವೆ. ಕಾವ್ಯಗಳು ಕವಿಯನ್ನೂ ಆಶ್ರಯದಾತನನ್ನೂ ಹೆಸರಿಸುತ್ತವೆ. ಈ ಎರಡು ಆಕರಗಳ ಹೊರಗೆ ಉಳಿದವರ ಹೆಸರು ಬಾಳಬೇಕಾದರೆ ಒಂದೋ ಜನರ ನೆನಪು ಬೇಕು, ಇಲ್ಲವೇ ಯಾರೋ ಎಸೆಯದೆ ಇರಿಸಿದ ಬರಹ ಬೇಕು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಮೊದಲನೆಯದಕ್ಕೆ ನಿದರ್ಶನ. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ ಈ ಕೆರೆಯನ್ನು ೧೧-೧೨ನೆಯ ಶತಮಾನದ್ದೆಂದು ಹೇಳಲಾಗುತ್ತದೆ. ಇದನ್ನು ಕಟ್ಟಿಸಿದವಳು ಒಬ್ಬ ವೇಶ್ಯೆ, ಆಕೆ ಅರಸನ ಮಗಳು ಎಂಬ ಐತಿಹ್ಯವನ್ನು ಬಿ.ಎಲ್. ರೈಸ್ ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ದಾಖಲಿಸಿದ್ದಾರೆ; ಜನರ ಬಾಯಲ್ಲಿ ಆಕೆ ಶಾಂತವ್ವ. ಇಲ್ಲಿ ಹೆಸರನ್ನು ಕಾಪಾಡಿದ್ದು ನಾಲಗೆ. ಸರಿಸುಮಾರು ಅದೇ ಕಾಲದ ಮಂಗಳೂರಿನ ಬೊಮ್ಮ ಎಂಬ ಸೇವಕನ ಸ್ಥಿತಿ ಇದಕ್ಕೆ ವಿರುದ್ಧವಾದುದು. ಆತನ ಬಗ್ಗೆ ಕರಾವಳಿಯಲ್ಲಿ ಯಾವ ಐತಿಹ್ಯವೂ ಪ್ರಚಲಿತವಾಗಿಲ್ಲ. ಆದರೆ ಆತನ ಹೆಸರು ಈಜಿಪ್ಟಿನ ಯೆಹೂದಿ ಮಂದಿರವೊಂದರ ಹಳೆಯ ಕಾಗದಗಳಲ್ಲಿ ದೊರೆಯಿತು. ಆ ಕಾಗದಗಳ ಸಂಗ್ರಹದ ಚರಿತ್ರೆಯನ್ನು ಪರಿಶೀಲಿಸಿ, ಅದರಿಂದ ಕನ್ನಡ ಹಸ್ತಪ್ರತಿ ಅಧ್ಯಯನವು ಪಡೆಯಬಹುದಾದ ಪಾಠವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಉಳಿಸಿದ ಭಕ್ತಿ

ದೇವರ ನಾಮವಿರುವ ಬರಹವನ್ನು ನಾಶಪಡಿಸಬಾರದೆಂಬುದು ಯೆಹೂದಿಗಳ ನಿಯಮ. ಸವೆದ ಗ್ರಂಥಗಳನ್ನು ಮಣ್ಣುಮಾಡುವ ಮೊದಲು ಕೂಡಿಡುವ ಸ್ಥಳಕ್ಕೆ ಗೆನಿಜಾ ಎಂದು ಹೆಸರು. ಹಳೆಯ ಕೈರೋ ಎನಿಸಿದ ಫುಸ್ತಾತಿನ ಬೆನ್ ಎಜ್ರಾ ಮಂದಿರದಲ್ಲಿ ಇಂಥದೊಂದು ಕೋಣೆಯಿತ್ತು. ಅಲ್ಲಿ ಧರ್ಮಗ್ರಂಥಗಳೊಂದಿಗೆ ವ್ಯಾಪಾರದ ಪತ್ರ, ಲೆಕ್ಕದ ಚೀಟಿ, ಮದುವೆಯ ಕರಾರು, ನ್ಯಾಯಾಲಯದ ದಾಖಲೆ ಎಲ್ಲವೂ ಬಂದು ಬಿದ್ದವು. ಅಲ್ಲಿಂದ ಹೊರಬಂದ ಹಾಳೆ-ತುಣುಕುಗಳ ಸಂಖ್ಯೆಯನ್ನು ಮೂರು ಲಕ್ಷಕ್ಕೂ ಮಿಗಿಲೆಂದು ಎಣಿಸಲಾಗಿದೆ.

ಕನ್ನಡ ನಾಡಿನಲ್ಲಿಯೂ ಬರಹದ ಬಗೆಗಿನ ಭಕ್ತಿಗೆ ಕೊರತೆಯಿರಲಿಲ್ಲ. ಓಲೆಕಟ್ಟುಗಳನ್ನು ಪೂಜೆಗಿಡುತ್ತಿದ್ದರು; ಪ್ರತಿ ಜೀರ್ಣವಾದಾಗ ಹೊಸ ಪ್ರತಿ ಮಾಡಿಸಿ ಹಳೆಯದನ್ನು ಹೊಳೆಗೆ ಬಿಡುವ ರೂಢಿಯೂ ಇತ್ತು. ಎರಡೂ ಕಡೆ ಭಾವ ಒಂದೇ, ಪರಿಣಾಮ ಬೇರೆ. ಒಂದು ಭಕ್ತಿ ಕೃತಿಯನ್ನು ಉಳಿಸಿ ಪ್ರತಿಯನ್ನು ಕಳೆಯಿತು. ಇನ್ನೊಂದು ಅರ್ಥ ಮರೆತುಹೋದ ಮೇಲೂ ಹಾಳೆಯನ್ನೇ ಉಳಿಸಿತು. ಕಾವ್ಯಕ್ಕೆ ಮೊದಲನೆಯ ಕ್ರಮ ಸಾಕಾದೀತು. ಯಾರೂ ಮರುಪ್ರತಿ ಮಾಡದ ಲೆಕ್ಕದ ಚೀಟಿಗೆ ಎರಡನೆಯ ಕ್ರಮವೊಂದೇ ಗತಿ.

೨. ಸಂಗ್ರಹ ಮತ್ತು ಚದುರುವಿಕೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮಂದಿರದ ಪುನರ್ನಿರ್ಮಾಣವಾದಾಗ ಅನೇಕ ಹಾಳೆಗಳು ಹಳೆಯ ವಸ್ತುಗಳ ವ್ಯಾಪಾರಿಗಳ ಕೈಸೇರಿದವು. ೧೮೯೬ರಲ್ಲಿ ಎಲ್ಕನ್ ಆಡ್ಲರ್ ಎಂಬ ಗ್ರಂಥಸಂಗ್ರಾಹಕ ಒಂದು ಚೀಲದಷ್ಟನ್ನು ಒಯ್ದ. ಅದೇ ವರ್ಷ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸೋದರಿಯರು ತಂದ ಹಾಳೆಯೊಂದನ್ನು ಕೇಂಬ್ರಿಜ್‌ನ ಸಾಲೊಮನ್ ಶೆಖ್ಟರ್ ಗುರುತಿಸಿದರು. ಅದು ಬೆನ್ ಸಿರಾ ಗ್ರಂಥದ ಹೀಬ್ರೂ ಪಾಠವಾಗಿತ್ತು. ಈ ಶೋಧದ ಬೆನ್ನಲ್ಲೇ ಚಾರ್ಲ್ಸ್ ಟೇಲರ್ ಅವರ ಧನಸಹಾಯದಿಂದ ಕೈರೋಗೆ ಹೋದ ಶೆಖ್ಟರ್, ಅಲ್ಲಿನ ಯೆಹೂದಿ ಮುಖಂಡರ ಒಪ್ಪಿಗೆಯೊಂದಿಗೆ ಸುಮಾರು ೧,೯೩,೦೦೦ ತುಣುಕುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಅವು ೧೮೯೮ರಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಸೇರಿದವು.

ಈ ಕಾರ್ಯವನ್ನು ಕೇವಲ ರಕ್ಷಣೆಯೆಂದು ನೋಡಲಾಗದು. ಆಗ ಈಜಿಪ್ಟ್ ಬ್ರಿಟಿಷರ ಹಿಡಿತದಲ್ಲಿತ್ತು. ತನ್ನ ನೆಲದ ಶತಮಾನಗಳ ದಾಖಲೆಯಲ್ಲಿ ಆ ದೇಶಕ್ಕೆ ಹೆಚ್ಚೇನೂ ಉಳಿಯಲಿಲ್ಲ ಎಂಬುದನ್ನು ಅಮಿತಾವ್ ಘೋಷ್ ೧೯೯೨ರ ತಮ್ಮ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಕೃತಿಯಲ್ಲಿ ಎತ್ತಿ ತೋರಿಸಿದ್ದಾರೆ. ಚದುರುವಿಕೆಯ ಇನ್ನೊಂದು ಫಲವೆಂದರೆ ಒಬ್ಬನೇ ವ್ಯಕ್ತಿಯ ಕಾಗದಗಳು ಹಲವು ನಗರಗಳ ಪಾಲಾದುದು. ಅಬ್ರಹಾಂ ಬೆನ್ ಯಿಜು ಅಂಥ ವ್ಯಕ್ತಿ.

೩. ಮಂಗಳೂರಿನ ವರ್ತಕ

ಬೆನ್ ಯಿಜು ಟ್ಯುನೀಸಿಯಾದ ಮಹದಿಯಾ ಮೂಲದ ಯೆಹೂದಿ ವರ್ತಕ. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಈತ ಬರೆಸಿದ ಪತ್ರಕ್ಕೆ ೧೧೩೨ರ ಅಕ್ಟೋಬರ್ ೧೭ರ ತೇದಿಯಿದೆ, ಸ್ಥಳ ಮಂಗಳೂರು. ೧೧೪೯ರಲ್ಲಿ ಏಡನ್‌ಗೆ ಮರಳುವವರೆಗೆ ಈತ ಬಹುತೇಕ ಕರಾವಳಿಯಲ್ಲಿಯೇ ನೆಲೆಸಿದ್ದ. ಇಲ್ಲಿಂದ ಕಾಳುಮೆಣಸು, ಅಡಕೆ, ಕಬ್ಬಿಣ ಹೋಗುತ್ತಿದ್ದವು. ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ಈತ ನಡೆಸುತ್ತಿದ್ದ. ಏಡನ್ನಿನ ಮಿತ್ರರು ಈತನಿಗೆ ಕಳಿಸುತ್ತಿದ್ದ ವಸ್ತುಗಳಲ್ಲಿ ಕಾಗದವೂ ಇತ್ತು. ಓಲೆಗರಿಯ ನಾಡಿನಲ್ಲಿ ಕಾಗದ ದುರ್ಲಭವಾಗಿದ್ದುದರಿಂದ ಬಂದ ಪತ್ರಗಳ ಖಾಲಿ ಜಾಗದಲ್ಲಿಯೇ ತನ್ನ ಲೆಕ್ಕ, ಕರಡುಗಳನ್ನು ಬರೆದುಕೊಳ್ಳುತ್ತಿದ್ದ. ಆ ಕಾಗದಗಳು ಅವನೊಂದಿಗೆ ಈಜಿಪ್ಟಿಗೆ ಹೋಗಿ ಗೆನಿಜಾ ಸೇರಿದವು.

ಇವನ್ನು ಒಂದೆಡೆ ಜೋಡಿಸಿದವರು ಎಸ್.ಡಿ. ಗೊಯ್ಟೈನ್. ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಸಂಬಂಧಿಸಿದ ಪತ್ರಗಳನ್ನು ಅವರು ದಶಕಗಳ ಕಾಲ ಬೇರೆ ಬೇರೆ ಸಂಗ್ರಹಗಳಿಂದ ಹೆಕ್ಕಿದರು. ೧೯೮೫ರಲ್ಲಿ ಅವರು ತೀರಿಕೊಂಡ ಮೇಲೆ ಮೊರ್ದೆಖಾಯ್ ಫ್ರೀಡ್‌ಮನ್ ಆ ಕೆಲಸವನ್ನು ಮುಂದುವರಿಸಿ ೨೦೦೮ರಲ್ಲಿ ಬೃಹತ್ ಸಂಪುಟವೊಂದನ್ನು ಹೊರತಂದರು.

೪. ಮೂರು ಅಕ್ಷರಗಳ ಓದು

ಖಲಫ್ ಇಬ್ನ್ ಇಷಾಕ್ ಎಂಬ ವರ್ತಕ ೧೧೪೮ರಲ್ಲಿ ಏಡನ್ನಿನಿಂದ ಬೆನ್ ಯಿಜುವಿಗೆ ಬರೆದ ಪತ್ರವೊಂದು ಜೆರುಸಲೇಮಿನ ಗ್ರಂಥಾಲಯದಲ್ಲಿದೆ. ಅದರಲ್ಲಿ ಬೆನ್ ಯಿಜುವಿನ ಸೇವಕನಿಗೂ ವಂದನೆ ತಿಳಿಸಲಾಗಿದೆ. ಒಡೆಯನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ನಡೆಸುತ್ತಿದ್ದ ಈ ಸೇವಕನ ಹೆಸರು ಬೇರೆ ಪತ್ರಗಳಲ್ಲಿ ಬ-ಮ-ಹ ಎಂಬ ಮೂರು ವ್ಯಂಜನಗಳಾಗಿ ಬರುತ್ತದೆ. ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ ಅದು, ಸ್ವರಗಳ ಗುರುತಿಲ್ಲ. ಗೊಯ್ಟೈನ್ ಇದನ್ನು 'ಬಾಮಾ' ಎಂದು ಓದಿದ್ದರು.

ಘೋಷ್ ಈ ಹೆಸರಿನ ಬೆನ್ನುಹತ್ತಿ ಮಂಗಳೂರಿಗೆ ಬಂದಾಗ ತುಳು ಜಾನಪದ ವಿದ್ವಾಂಸರಾದ ಬಿ.ಎ. ವಿವೇಕ ರೈ ಅವರ ನೆರವಿನಿಂದ 'ಬೊಮ್ಮ' ಎಂಬ ಓದು ಸಾಧ್ಯವಾಯಿತು. ಬ್ರಹ್ಮ ಶಬ್ದದ ತದ್ಭವವಾದ ಬೊಮ್ಮ ಆ ಕಾಲದ ಶಾಸನಗಳಲ್ಲಿ ಸಾಮಾನ್ಯ ಹೆಸರು. ವಚನಕಾರರಲ್ಲಿ ಕಿನ್ನರಿ ಬೊಮ್ಮಯ್ಯನಿದ್ದಾನೆ. ಹೀಬ್ರೂ ಮತ್ತು ಅರಬ್ಬಿಯ ಪಾಂಡಿತ್ಯ ಮೂರು ವ್ಯಂಜನಗಳವರೆಗೆ ತಂದು ನಿಲ್ಲಿಸಿದ ಓದನ್ನು ಕನ್ನಡ-ತುಳು ಪರಿಸರದ ತಿಳಿವಳಿಕೆ ಪೂರ್ಣಗೊಳಿಸಿತು. ದೂರದ ಭಂಡಾರಗಳಲ್ಲಿರುವ ಪರಭಾಷಾ ಬರಹಗಳಿಗೂ ಕನ್ನಡ ಅಧ್ಯಯನಕ್ಕೂ ಇರುವ ಸಂಬಂಧ ಇದರಿಂದ ಸ್ಪಷ್ಟವಾಗುತ್ತದೆ.

೫. ಕನ್ನಡ ಸಂಗ್ರಹಕ್ಕೆ ಪಾಠ

೧೮೯೧ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾಚ್ಯ ಸಂಶೋಧನಾಲಯದಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದವರೆಗೆ ನಮ್ಮಲ್ಲಿ ಸಂಗ್ರಹಕಾರ್ಯ ಗಣನೀಯವಾಗಿ ನಡೆದಿದೆ. ಕೃತಿ, ಕರ್ತೃ, ಗರಿಗಳ ಸಂಖ್ಯೆ, ಆದಿ-ಅಂತ್ಯ ಇವು ಸೂಚಿಗಳ ರೂಢಿಯ ವಿವರಗಳು. ಗ್ರಂಥಸಂಪಾದನೆಗೆ ಇವು ಅಗತ್ಯ. ಆದರೆ ಗೆನಿಜಾದ ಅನುಭವ ಇನ್ನೂ ಮೂರು ಪ್ರಶ್ನೆಗಳನ್ನು ಸೇರಿಸಲು ಒತ್ತಾಯಿಸುತ್ತದೆ. ಈ ಕಟ್ಟನ್ನು ಯಾರು, ಯಾವ ಕಾರಣಕ್ಕೆ ಇರಿಸಿಕೊಂಡಿದ್ದರು? ಅದು ಯಾರ ಕೈಯಿಂದ, ಹೇಗೆ ಭಂಡಾರಕ್ಕೆ ಬಂತು? ಅದರ ಜೊತೆಯಲ್ಲಿ ಇನ್ನೇನಿತ್ತು? ಮನೆಯೊಂದರ ಓಲೆಗಳಲ್ಲಿ ಕಾವ್ಯವನ್ನು ಆರಿಸಿಕೊಂಡು ಲೆಕ್ಕದ ಕಡತವನ್ನು ಅಲ್ಲಿಯೇ ಬಿಟ್ಟುಬಂದರೆ ಮೂರನೆಯ ಪ್ರಶ್ನೆಗೆ ಉತ್ತರ ಎಂದಿಗೂ ಸಿಗದು.

ಸೂಳೆಕೆರೆಯನ್ನು ಇಂದು ಶಾಂತಿಸಾಗರವೆಂದೂ ಕರೆಯಲಾಗುತ್ತದೆ. ಹೊಸ ಹೆಸರಿನಲ್ಲಿ ಶಾಂತವ್ವನ ಹೆಸರಿನ ನೆರಳಿದೆ. ಆಕೆ ಯಾರೆಂಬುದನ್ನು ಹೇಳುವ ಹಳೆಯ ಮಾತು ಮಾತ್ರ ಮರೆಯಾಗುತ್ತದೆ. ನೆನಪಿನಲ್ಲಿ ಉಳಿದದ್ದು ಹೀಗೆ ತಿದ್ದುಪಡಿಗೆ ಒಳಗಾಗುತ್ತದೆ. ಬರಹದಲ್ಲಿ ಉಳಿದದ್ದು ಆಯ್ಕೆಗೆ ಒಳಗಾಗುತ್ತದೆ. ಬೊಮ್ಮನ ಹೆಸರಿದ್ದ ಚೀಟಿಗಳಿಗೆ ಸಾಹಿತ್ಯಕ ಮೌಲ್ಯವಿರಲಿಲ್ಲ. ಅವು ಉಳಿದದ್ದು ಯಾರೂ ಆರಿಸಲು ಕೂಡದಿದ್ದ ಕೋಣೆಯಲ್ಲಿ. ನಮ್ಮ ಕ್ಷೇತ್ರಕಾರ್ಯದಲ್ಲಿ ಅಂಥ ಚೀಟಿಗೂ ಒಂದು ಸಂಖ್ಯೆ, ಒಂದು ಸಾಲಿನ ವಿವರ ದೊರೆಯುವಂತಾದರೆ, ಶಾಸನಗಳೂ ಕಾವ್ಯಗಳೂ ಹೆಸರಿಸದವರ ಚರಿತ್ರೆಗೆ ಕನ್ನಡದಲ್ಲಿಯೇ ಆಕರಗಳು ಒದಗಬಹುದು.